ಸೂಚನೆ ಓದಿ ಎಂದವಳು

ನಿಮ್ಮ ಫೋನು, ನಿಮ್ಮ ಬ್ಯಾಂಕು, ನೀವು ಹೋಗುವ ಆಸ್ಪತ್ರೆಯ ಕಂಪ್ಯೂಟರು, ಇವೆಲ್ಲದರ ತಳದಲ್ಲಿ ಯಾರೋ ಬರೆದು ಊರಿಗೆಲ್ಲ ಪುಕ್ಕಟೆ ಹಂಚಿದ ತಂತ್ರಾಂಶಗಳಿವೆ. ಅವುಗಳಲ್ಲಿ ಎಷ್ಟನ್ನೋ ಒಬ್ಬರೋ ಇಬ್ಬರೋ, ಸಂಬಳವಿಲ್ಲದೆ, ಹೊಟ್ಟೆಪಾಡಿನ ಕೆಲಸ ಮುಗಿದ ಮೇಲೆ ಮಿಕ್ಕ ಹೊತ್ತಿನಲ್ಲಿ ನೋಡಿಕೊಳ್ಳುತ್ತಾರೆ. ಅವರು ಕೈಬಿಟ್ಟ ದಿನ ಹಿಡಿಯುವವರು ಯಾರೂ ಇಲ್ಲ. ಇದೇನು ಗುಟ್ಟಲ್ಲ. ಗೊತ್ತಿಲ್ಲ ಎನ್ನುವವರು ಗೊತ್ತುಮಾಡಿಕೊಳ್ಳಲು ಹೋಗಿಲ್ಲ, ಅಷ್ಟೆ.

ಅಂಥವರಲ್ಲಿ ಒಬ್ಬಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮುಂಭಾಗದಲ್ಲಿ ದೀಪ, ಕನ್ನಡಿ, ಸಾಲಾಗಿ ನಿಲ್ಲಿಸಿದ ಫ್ರೇಮುಗಳು. ಪರದೆಯ ಹಿಂದೆ ಇವಳ ಜಾಗ. ಅಲ್ಲಿ ನೀರು ತೊಟ್ಟಿಕ್ಕುತ್ತ ತಿರುಗುವ ಚಕ್ರವಿದೆ. ಲೆನ್ಸಿನ ಅಂಚನ್ನು ಅದಕ್ಕೆ ಒತ್ತಿ ಫ್ರೇಮಿನ ಆಕಾರಕ್ಕೆ ತರಬೇಕು. ದಿನ ಮುಗಿಯುವ ಹೊತ್ತಿಗೆ ಮೊಣಕೈವರೆಗೂ ಬಿಳಿ ಪುಡಿ. ನಲವತ್ತು ದಾಟಿದವಳು. ಅಂಗಡಿಗೆ ಬರುವವರಿಗೆಲ್ಲ ಅವಳು 'ಅಕ್ಕ'. ಅವಳಿಗಿಂತ ಹಿರಿಯರಿಗೂ.

ಮೊದಲ ಸಲ ಕನ್ನಡಕ ಹಾಕಿಕೊಳ್ಳುವವರನ್ನು ಮಾಲೀಕ ಅವಳ ಹತ್ತಿರವೇ ಕಳಿಸುತ್ತಾನೆ. ಹತ್ತಿರಕ್ಕೊಂದು ದೂರಕ್ಕೊಂದು ಎಂದು ಎರಡು ನೋಟ ಇರುವ ಲೆನ್ಸು ಹಾಕಿಸಿಕೊಂಡ ಮುದುಕರು ಮೆಟ್ಟಿಲು ಇಳಿಯಲಾರದೆ ನಿಂತುಬಿಡುತ್ತಾರೆ.

"ನೆಲ ಓಡಾಡ್ತಾ ಇದೆಯಲ್ಲಮ್ಮ."

"ನೆಲ ಇದ್ದಲ್ಲೇ ಇದೆ ಯಜಮಾನ್ರೆ. ನಿಮ್ಮ ಕಣ್ಣು ಹೊಸಬರ ಪರಿಚಯ ಮಾಡ್ಕೊಳ್ತಾ ಇದೆ. ಬನ್ನಿ, ಬೀದಿ ಕೊನೇವರೆಗೂ ನಡೆಯೋಣ. ನಾನೂ ಬರ್ತೀನಿ."

ಹೋಗುತ್ತಾಳೆ. ಮರುದಿನ ಅವರೇ ಬಂದು ಅದೇ ಮಾತು ಹೇಳಿದರೆ ಮತ್ತೆ ಹೋಗುತ್ತಾಳೆ. "ಇವಳ ತಾಳ್ಮೆ ನೋಡಿದ್ರೆ ನನಗೇ ಸಿಟ್ಟು ಬರತ್ತೆ" ಎಂದು ಮಾಲೀಕ ಗಿರಾಕಿಗಳ ಮುಂದೆ ಹೇಳುವುದುಂಟು.

ಇದೇ ಹೆಂಗಸು ಸಂಜೆ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳೆಂದರೆ ಬೇರೆಯೇ ಆಗುತ್ತಿದ್ದಳು.

ಮನೆಯಲ್ಲಿ ಇರುವವರು ಮೂವರು: ಅವಳು, ಅವಳ ತಮ್ಮ, ತಮ್ಮನ ಹೆಂಡತಿ. ತಮ್ಮ ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಅವನ ಗಂಟಲಿಗೆ ಮಾರುಕಟ್ಟೆಯವರು ಇಟ್ಟ ಹೆಸರು 'ಮೈಕು'. ಆ ಗಂಟಲಲ್ಲೇ ಗಂಟು ಬಂತು. ವೈದ್ಯರು ಪ್ರಾಣ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದರು. ಆಸ್ಪತ್ರೆಯಿಂದ ಬಂದವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಅಕ್ಕ ಅದುವರೆಗೆ ಅಂತರ್ಜಾಲ ನೋಡಿಕೊಂಡು, ಬರೀ ಹಟಕ್ಕೆ, ಒಂದಿಷ್ಟು ಕೋಡ್ ಬರೆಯಲು ಕಲಿತಿದ್ದಳು. ಆ ಅರೆಬರೆ ವಿದ್ಯೆಯಲ್ಲೇ ತಮ್ಮನಿಗೊಂದು ಆ್ಯಪ್ ಮಾಡಿದಳು. ಫೋನಿನ ಪರದೆಯ ಮೇಲೆ ಬಟನ್ನುಗಳು. ಒಂದೊಂದು ಬಟನ್ನಿಗೂ ಒಂದೊಂದು ಮಾತನ್ನು ಮೊದಲೇ ಬರೆದಿಡಬಹುದು. ಒತ್ತಿದರೆ ಫೋನು ಮಾತಾಡುತ್ತದೆ. ಹೊಸ ಮಾತು ಬೇಕಾದರೆ ಟೈಪು ಮಾಡಬೇಕು. ಧ್ವನಿ ಮಾತ್ರ ಹೆಂಗಸಿನದು, ಏರಿಳಿತವಿಲ್ಲದ್ದು.

"ಮದುವೆಯಾದವಳು ನಾನು, ಇವರ ಪರವಾಗಿ ಮಾತಾಡೋದು ಈ ಫೋನಿನವಳು" ಎಂದು ತಮ್ಮನ ಹೆಂಡತಿ ಬಂದವರ ಮುಂದೆ ಹೇಳಿ ನಗಿಸುತ್ತಿದ್ದಳು. ತಮ್ಮ ಒಂದು ಬಟನ್ನು ಒತ್ತುತ್ತಿದ್ದ. "ಅವಳು ಎದುರು ಮಾತಾಡಲ್ಲ" ಎನ್ನುತ್ತಿತ್ತು ಫೋನು. ಆ ಬಟನ್ನನ್ನು ಅವನು ಹೆಂಡತಿಗೆಂದೇ ಮಾಡಿಟ್ಟುಕೊಂಡಿದ್ದ.

ಅಕ್ಕ ಆ ಆ್ಯಪನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಅದರ ಕೋಡನ್ನೆಲ್ಲ ಎಲ್ಲರಿಗೂ ಕಾಣುವ ಹಾಗೆ ಅಂತರ್ಜಾಲದಲ್ಲಿ ತೆರೆದಿಟ್ಟಳು. ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದಳು. ಬಾಯಿಲ್ಲದವರು ಎಲ್ಲೆಲ್ಲಿಂದಲೋ ಬಂದು ಇಳಿಸಿಕೊಂಡರು. ಅವಳು ಮಾಡಿದ್ದು ದೊಡ್ಡ ಕೆಲಸ. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದು ಅಷ್ಟು ದೊಡ್ಡದಲ್ಲ.

ಬಳಸುವವರು ಹೆಚ್ಚಿದಂತೆ ದೂರುಗಳೂ ಹೆಚ್ಚಿದವು. ಕಾಸು ಕೊಡದವರೇ ಕಾಸು ಕೊಟ್ಟವರಿಗಿಂತ ಜೋರಾಗಿ ಕೇಳಿದರು. ಇದು ಕೆಲಸ ಮಾಡುತ್ತಿಲ್ಲ, ಬೇಗ ಸರಿಮಾಡಿ. ಇಂಥ ದರಿದ್ರ ಆ್ಯಪ್ ನೋಡಿಲ್ಲ. ಸಂಜೆ ಒಣಹಾಕಿದ ಬಟ್ಟೆಗಳ ನಡುವೆ ಕಂಪ್ಯೂಟರಿಟ್ಟುಕೊಂಡು ಕೂತು ಅವನ್ನೆಲ್ಲ ಓದುವವಳು ಅವಳೊಬ್ಬಳೇ. ಮೊದಮೊದಲು ಒಬ್ಬೊಬ್ಬರಿಗೂ ಕೂತು ಬರೆದಳು. ಆಮೇಲೆ ಸಾಕಾಯಿತು. ನಾನೂ ಕೈ ಜೋಡಿಸುತ್ತೇನೆ, ಕೋಡ್ ತಿದ್ದುತ್ತೇನೆ ಎಂದು ಬಂದ ಹೊಸಬರು ಇನ್ನೂ ದೊಡ್ಡ ತಲೆನೋವು ಎನ್ನಿಸಿತು. ಎಲ್ಲರೂ ಮೊದಲ ದಿನವೇ ಮುಗ್ಗರಿಸುತ್ತಿದ್ದರು. 'ಸೂಚನೆಯಲ್ಲಿ ಹೇಳಿದ ಹಾಗೇ ಮಾಡಿದೆ, ನಡುವೆ ನಿಂತುಹೋಯಿತು' ಎಂಬ ಒಂದೇ ಪಲ್ಲವಿ. ಸೂಚನೆ ಬರೆದವಳು ಅವಳೇ. ಅವಳ ಕಂಪ್ಯೂಟರಿನಲ್ಲಿ ಎಲ್ಲವೂ ಸಲೀಸಾಗಿ ನಡೆಯುತ್ತಿತ್ತು. ಹಾಗಾಗಿ ಅವಳ ಲೆಕ್ಕದಲ್ಲಿ ಅವರೆಲ್ಲ ಓದು ಬಾರದವರು.

ಅವರಿಗೆಂದೇ ಒಂದು ಸಿದ್ಧ ಉತ್ತರ ಮಾಡಿಟ್ಟುಕೊಂಡಳು. 'ಸೂಚನೆಗಳನ್ನು ಪೂರ್ತಿ ಓದಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಓದಿ. ಇದು ಪಾಠಶಾಲೆಯಲ್ಲ.' ಒಂದು ಕೀಲಿ ಒತ್ತಿದರೆ ಅಷ್ಟೂ ಹೋಗಿ ಬೀಳುತ್ತಿತ್ತು. ಸಾಲದ್ದಕ್ಕೆ ಒಂದು ಪುಟ್ಟ ರೋಬೋ ಪ್ರೋಗ್ರಾಮನ್ನೂ ಬರೆದಳು. ಯಾವ ಪ್ರಶ್ನೆಗೆ ಕೆಲವು ವಾರ ಉತ್ತರವಿಲ್ಲವೋ ಅದನ್ನು ರೋಬೋ ತಾನಾಗಿ ಮುಚ್ಚಿ, 'ಚಟುವಟಿಕೆ ಇಲ್ಲದ ಕಾರಣ ಮುಚ್ಚಲಾಗಿದೆ' ಎಂದು ಚೀಟಿ ಅಂಟಿಸುತ್ತಿತ್ತು. ಉತ್ತರ ಕೊಡದೆ ಸುಮ್ಮನಿದ್ದವಳು ಇವಳು, ಬಾಗಿಲು ಬಿದ್ದದ್ದು ಕೇಳಿದವರ ಮುಖದ ಮೇಲೆ. ಈ ನ್ಯಾಯ ಎಲ್ಲಿಯದು ಎಂದು ಕೇಳುವವರು ಇರಲಿಲ್ಲ. ಕೇಳಿದ್ದರೆ ರೋಬೋ ಅದನ್ನೂ ಮುಚ್ಚುತ್ತಿತ್ತು.

ಇತ್ತ ತಮ್ಮ ಮತ್ತೆ ಮಾರುಕಟ್ಟೆಗೆ ಹೋಗತೊಡಗಿದ್ದ. ಹರಾಜು ಕೂಗಲು ಅಲ್ಲ. ಗೇಟಿನ ಬಳಿ ತೂಕದ ಕಟ್ಟೆಯಲ್ಲಿ ನಿಲ್ಲಲು. ಅಲ್ಲಿ ಅವನಿಗೊಂದು ತೊಡಕಿತ್ತು. ಬಟನ್ನು ಒತ್ತಿದ ತಕ್ಷಣ ಆ್ಯಪ್ ಮಾತಾಡುವುದಿಲ್ಲ. ಕೈ ನಡುಗುವವರು ತಪ್ಪಿ ಮುಟ್ಟಿದರೆ ಬದಲಿಸಿಕೊಳ್ಳಲಿ ಎಂದು ಅಕ್ಕ ಸ್ವಲ್ಪ ತಡ ಇಟ್ಟಿದ್ದಳು. ಮಾರುಕಟ್ಟೆಯಲ್ಲಿ ಅಷ್ಟು ತಡ ಎಂದರೆ ಮಾತು ಮುಗಿದೇ ಹೋಯಿತು. ಇವನ ಫೋನು "ತಟ್ಟೆ ಮೇಲಿಂದ ಕಾಲು ತೆಗಿ" ಎನ್ನುವಷ್ಟರಲ್ಲಿ ತೂಕ ಹೆಚ್ಚಲೆಂದು ಕಾಲಿಟ್ಟವನು ತೂಕದ ಚೀಟಿ ಹರಿಸಿಕೊಂಡು ಹೋಗಿರುತ್ತಿದ್ದ.

"ಆ ತಡ ತೆಗೆಯೋಕೆ ಒಂದು ದಾರಿ ಇಡು" ಎಂದು ಅಕ್ಕನನ್ನು ಕೇಳಿದ. "ಮಾಡ್ತೀನಿ ಕಣೋ, ಒಂದು ಗಳಿಗೆ ಪುರುಸೊತ್ತು ಸಿಗ್ಲಿ" ಎಂದಳು. ಪುರುಸೊತ್ತು ಸಿಗಲಿಲ್ಲ. ಮತ್ತೆ ಕೇಳಲು ಅವನಿಗೆ ಮನಸ್ಸಾಗಲಿಲ್ಲ. ತಾನೇ ಕಲಿತು ಮಾಡಿದರಾಯಿತು ಎಂದು, ತೂಕದ ಕಟ್ಟೆ ಖಾಲಿಯಿರುವ ಮಧ್ಯಾಹ್ನಗಳಲ್ಲಿ ಚೀಟಿ ಬರೆಯುವವನ ಕಂಪ್ಯೂಟರು ಕೇಳಿ ಪಡೆದು, ಎಲ್ಲರ ಹಾಗೆ ಅಕ್ಕನ ಸೂಚನೆ ತೆರೆದ. ಎಲ್ಲರ ಹಾಗೆ ನಡುವೆ ಸಿಕ್ಕಿಹಾಕಿಕೊಂಡ. 'ಬದನೆಕಾಯಿ' ಎಂಬ ಹೆಸರಿನಲ್ಲಿ, ಎಲ್ಲರೂ ಕೇಳುವ ಜಾಗದಲ್ಲೇ, ತನಗೇನು ಕಾಣುತ್ತಿದೆ ಎಂದು ವಿವರವಾಗಿ ಬರೆದು ಕೇಳಿದ.

ಆ ದಿನ ಊಟಕ್ಕೆ ಕೂತಾಗ ಅಕ್ಕ ತಮ್ಮನ ಹೆಂಡತಿಗೆ ಹೇಳಿದಳು: "ಇವತ್ತೊಬ್ಬ ಬಂದಿದ್ದ. ಬದನೆಕಾಯಿ ಅಂತೆ ಹೆಸರು. ತಲೆಯೊಳಗಿರೋದೂ ಅದೇ ಇರ್ಬೇಕು. ಬರೆದದ್ದನ್ನ ಓದೋ ಯೋಗ್ಯತೆ ಇಲ್ಲ, ಕೋಡ್ ತಿದ್ದೋಕೆ ಹೊರಟಿದ್ದಾನೆ."

"ಏನು ಹೇಳಿದ್ರಿ ಅತ್ತಿಗೆ?"

"ಎಲ್ಲರಿಗೂ ಹೇಳೋದೇ."

ಬದನೆಕಾಯಿ ಎದುರಿಗೇ ಕೂತು ಊಟ ಮಾಡುತ್ತಿದ್ದ. ತಟ್ಟೆಯಿಂದ ತಲೆ ಎತ್ತಲಿಲ್ಲ. ಫೋನಿಗೂ ಕೈ ಹಾಕಲಿಲ್ಲ. ಮುಂದೆ ಇನ್ನೊಮ್ಮೆ ಬರೆದ. ಅದಕ್ಕೆ ಉತ್ತರವೇ ಬರಲಿಲ್ಲ, ರೋಬೋ ಬಂದು ಮುಚ್ಚಿತು.

ಅಷ್ಟರಲ್ಲಿ ಫೋನು ತಯಾರಿಸುವ ಕಂಪನಿಯಿಂದ ಒಂದು ಎಚ್ಚರಿಕೆ ಬಂತು. ಮುಂದಿನ ಅಪ್‌ಡೇಟ್ ಆದ ಮೇಲೆ ಹಳೆಯ ರೀತಿಯಲ್ಲಿ ಕಟ್ಟಿದ ಆ್ಯಪುಗಳು ತೆರೆಯುವುದಿಲ್ಲ. ಅವನ್ನು ಹೊಸದಾಗಿ ಕಟ್ಟಿ ಬಿಡುಗಡೆ ಮಾಡಬೇಕು. ಅಕ್ಕನಿಗೆ ಅದೇನು ಭಾರಿ ಕೆಲಸವಾಗಿರಲಿಲ್ಲ. ರಜೆಯ ದಿನ ಕೂತರೆ ಆಯಿತು ಎಂದುಕೊಂಡಳು. ರಜೆಯ ದಿನ ಬಂತು, ಬಟ್ಟೆಗಳ ನಡುವಿನ ಹಳೇ ಕಂಪ್ಯೂಟರಿಗೆ ಜೀವ ಬರಲಿಲ್ಲ. ಗುಂಡಿ ಒತ್ತಿದರೆ ಒಂದು ಸುಟ್ಟ ವಾಸನೆ, ಆಮೇಲೆ ಏನೂ ಇಲ್ಲ. ರಿಪೇರಿಯವನು ಬಿಚ್ಚಿ ನೋಡಿ, ಒಳಗಿನ ಡಿಸ್ಕೇ ಹೋಗಿದೆ, ಏನೂ ಸಿಗಲ್ಲಕ್ಕ ಎಂದು ಕೈಚೆಲ್ಲಿದ.

ಅವಳಿಗೆ ಗಾಬರಿಯಾಗಲಿಲ್ಲ. ಕೋಡೆಲ್ಲ ಅಂತರ್ಜಾಲದಲ್ಲಿ ಭದ್ರವಾಗಿತ್ತು. ಅಂಗಡಿಯ ಮಾಲೀಕ ಒಂದು ಕಂಪ್ಯೂಟರು ಕೊಟ್ಟ. ಅದನ್ನಿಟ್ಟುಕೊಂಡು ತಾನೇ ಬರೆದ ಸೂಚನೆಯನ್ನು ತೆರೆದಳು. ಬರೆದ ಮೇಲೆ ಅವಳು ಅದನ್ನು ಅನುಸರಿಸಲು ಕೂತದ್ದು ಅದೇ ಮೊದಲು.

ಒಂದೊಂದೇ ಸಾಲು ಮಾಡುತ್ತ ಬಂದಳು. ನಡುವೆ ಒಂದು ಕಡೆ ಎಲ್ಲವೂ ನಿಂತಿತು. ಒಂದು ಫೈಲು ಇಲ್ಲ ಎಂದು ಪರದೆ ಹೇಳಿತು. ಅಂಥ ಫೈಲು ಇದೆಯೆಂಬುದೇ ಅವಳಿಗೆ ಮರೆತಿತ್ತು. ಯಾವುದೋ ಕಾಲದಲ್ಲಿ, ಎಲ್ಲದಕ್ಕೂ ಮೊದಲು, ಧ್ವನಿ ಎಲ್ಲಿಂದ ಬರಬೇಕು, ಎಷ್ಟು ವೇಗವಾಗಿ ಬರಬೇಕು ಎಂಬುದನ್ನೆಲ್ಲ ಕೈಯಾರೆ ಬರೆದು ತನ್ನ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಇಟ್ಟಿದ್ದಳು. ಅದನ್ನು ಎಲ್ಲರಿಗೂ ಕಾಣುವ ಕೋಡಿನ ಜೊತೆ ಸೇರಿಸಲಿಲ್ಲ. ಸೂಚನೆಯಲ್ಲೂ ಬರೆಯಲಿಲ್ಲ. ಅವಳಲ್ಲಿ ಅದು ಸದಾ ಇದ್ದುದರಿಂದ ಅವಳಿಗೆ ಅದರ ಕೊರತೆ ಕಾಣಲಿಲ್ಲ. ಬಂದ ಪ್ರತಿ ಹೊಸಬನೂ ಮುಗ್ಗರಿಸಿದ್ದು ಅವಳು ಅಡ್ಡಲಾಗಿ ಬಿಟ್ಟುಹೋದ ಈ ಒಂದೇ ಕಲ್ಲಿಗೆ. ಎಲ್ಲರಿಗೂ ಅವಳು ಹೇಳಿದ್ದು, ಕಣ್ಣು ಬಿಟ್ಟು ನಡೆಯಿರಿ ಎಂದು.

ಸೂಚನೆಯನ್ನು ಇನ್ನೊಮ್ಮೆ ಮೊದಲಿಂದ ಓದಿದಳು. ಅದೇ ಜಾಗದಲ್ಲಿ ನಿಂತಿತು. ತಲೆ ಮೇಲೆ ಕೈಹೊತ್ತು ಕೂತಾಗ ಹಿಂದಿನಿಂದ ಹೆಂಗಸಿನ ಸಪಾಟು ದನಿ ಕೇಳಿಸಿತು.

"ಸೂಚನೆಗಳನ್ನು ಪೂರ್ತಿ ಓದಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಓದಿ. ಇದು ಪಾಠಶಾಲೆಯಲ್ಲ."

ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ, ಕೈಯಲ್ಲಿ ಫೋನು.

"ನಿನಗೆ ಈ ಮಾತು ಯಾರು ಹೇಳಿದ್ರು?"

ಅವನು ಟೈಪು ಮಾಡಿದ. ಎಂದಿನ ತಡ ಕಳೆದು ಫೋನು ಹೇಳಿತು: "ನೀನೇ. ಬದನೆಕಾಯಿಗೆ."

ಅಕ್ಕ ಕುರ್ಚಿ ತಿರುಗಿಸಿಕೊಂಡು ಅವನನ್ನೇ ನೋಡಿದಳು. "ನೀನಾ ಅದು? ಬಾಯಿ ಬಿಟ್ಟು ಹೇಳಬಾರದಿತ್ತಾ" ಎಂದುಬಿಟ್ಟು, ತಾನು ಯಾರಿಗೆ ಏನು ಹೇಳಿದೆ ಎಂಬುದು ಹೊಳೆದು ನಾಲಿಗೆ ಕಚ್ಚಿಕೊಂಡಳು. ತಮ್ಮ ನಕ್ಕ. ಅವನ ನಗುವಿಗೆ ಈಗ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತದೆ.

"ಎರಡು ಸಲ ಹೇಳಿದೆ" ಎಂದಿತು ಫೋನು. "ಒಂದು ಸಲ ನೀನು ಅಟ್ಟಿದೆ. ಇನ್ನೊಂದು ಸಲ ನಿನ್ನ ರೋಬೋ."

"ಮನೇಲಿ ಹೇಳಿದ್ರೆ ನಾನು ಆಗ್ಲೇ ಸರಿ ಮಾಡ್ತಿರಲಿಲ್ವೇನೋ?"

ಈ ಸಲ ಅವನು ಬಹಳ ಹೊತ್ತು ಟೈಪು ಮಾಡಿದ. "ಮಾಡ್ತಿದ್ದೆ. ನನಗೊಬ್ಬನಿಗೆ. ಬೇರೆಯವರಿಗೆಲ್ಲ ಅಕ್ಕ ಇಲ್ಲ. ಅವರೆಲ್ಲಿ ಹೋಗಬೇಕು?"

ಅವಳು ಎದ್ದು ಹೋಗಿ ತಂತಿಯ ಮೇಲಿನ ಒಣಗದ ಬಟ್ಟೆಗಳನ್ನು ತೆಗೆಯತೊಡಗಿದಳು. ತಮ್ಮನ ಹೆಂಡತಿ ಅವನ್ನು ಕಿತ್ತುಕೊಂಡು ಮತ್ತೆ ಹರವಿದಳು.

ಅಪ್‌ಡೇಟ್ ಇವರ ರಾಜಿಗಾಗಿ ಕಾಯಲಿಲ್ಲ. ಫೋನು ಚಾರ್ಜಿಗೆ ಹಾಕಿದ್ದಾಗ ಅದು ತಾನಾಗಿ ಇಳಿದು ಕೂತಿತು. ತಮ್ಮ ತೂಕದ ಕಟ್ಟೆಯಲ್ಲಿ ಬಟನ್ನು ಒತ್ತಲು ಹೋದರೆ ಆ್ಯಪೇ ತೆರೆಯಲಿಲ್ಲ. ಟೊಮೆಟೊ ಪೆಟ್ಟಿಗೆಯ ರಟ್ಟು ಹರಿದು ಅದರ ಮೇಲೆ ಬರೆದು ತೋರಿಸಿದ. ಹಮಾಲಿಗಳು, "ಏನು ಮೈಕು, ಕರೆಂಟು ಹೋಯ್ತಾ?" ಎಂದು ನಕ್ಕರು. ಅವರು ನಕ್ಕಿದ್ದು ಪ್ರೀತಿಗೇ. ಆದರೆ ಗಾಡಿ ಬಂದಾಗ ರಟ್ಟು ಓದುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಅವನ ಭುಜದ ಮೇಲಿಂದಲೇ ಮಾತಾಡಿಕೊಂಡು, ಅವನನ್ನು ಕಂಬದ ಹಾಗೆ ಸುತ್ತಿಕೊಂಡು ಹೋದರು. ಮಂಡಿ ಮಾಲೀಕ ಕರೆದು ಹೇಳಿದ: "ಬೇಜಾರು ಮಾಡ್ಕೋಬೇಡಪ್ಪ. ಗೇಟಲ್ಲಿ ಮಾತಾಡೋರು ಬೇಕು. ಈ ವಾರ ನೋಡ್ತೀನಿ."

ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ಅತ್ತಿಗೆಯ ಮುಂದೆ ಬಂದು ನಿಂತಳು. ಅವಳ ಬಾಯಲ್ಲಿ ಅವತ್ತು ತಮಾಷೆ ಇರಲಿಲ್ಲ.

"ಅತ್ತಿಗೆ, ನಿಮಗೆ ಗೊತ್ತಿಲ್ದೆ ಇದ್ರೆ ಗೊತ್ತಿರೋರನ್ನ ಕೇಳಿ."

"ಗೊತ್ತಿರೋರು ಯಾರಿದ್ದಾರೆ? ನಾನೊಬ್ಬಳೇ ಇದ್ದದ್ದು."

"ಒಬ್ಬಳೇ ಯಾಕಿದ್ರಿ?"

ಗೊತ್ತಿದ್ದವರು ಇದ್ದರು. ಅಟ್ಟಿಸಿಕೊಂಡವರು ಎಲ್ಲಿಗೂ ಹೋಗಿರಲಿಲ್ಲ. ಅಂತರ್ಜಾಲದಲ್ಲೇ ಬೇರೊಂದು ಕಡೆ ಕೂಟ ಕಟ್ಟಿಕೊಂಡು ಒಬ್ಬರಿಗೊಬ್ಬರು ಹೇಳಿಕೊಡುತ್ತ ಕೂತಿದ್ದರು. ಬದನೆಕಾಯಿಯೂ ಅಲ್ಲಿ ಸದಸ್ಯ. ಆ ಕೂಟವನ್ನು ನಡೆಸುತ್ತಿದ್ದವನು ಆ್ಯಂಬುಲೆನ್ಸ್ ಓಡಿಸಿ ನಿವೃತ್ತನಾದವನು. ತಮ್ಮನಿಗೆ ಆದ ಶಸ್ತ್ರಚಿಕಿತ್ಸೆಯೇ ಅವನಿಗೂ ಆಗಿತ್ತು. ತಮ್ಮ ಎದ್ದು ಕೂತು ದಾರಿ ತೋರಿಸಿದ. ಅಕ್ಕ ತನ್ನ ನಿಜ ಪರಿಚಯದಲ್ಲೇ ಅಲ್ಲಿ ಬರೆದಳು: ನನ್ನ ಸೂಚನೆಯ ಪ್ರಕಾರ ನಾನೇ ಮಾಡಿದೆ, ನಡುವೆ ನಿಂತುಹೋಯಿತು, ಯಾರಾದರೂ ಸಹಾಯ ಮಾಡುತ್ತೀರಾ.

ಬೈಗುಳಕ್ಕೆ ತಯಾರಾಗಿಯೇ ಕೂತಿದ್ದಳು. ಆ್ಯಂಬುಲೆನ್ಸಿನವನ ಉತ್ತರ ಬಂತು. 'ಬನ್ನಿ. ಅಲ್ಲಿ ಎಲ್ಲರೂ ನಿಲ್ಲುತ್ತಾರೆ, ನಿಮ್ಮ ತಪ್ಪಲ್ಲ. ನಿಮ್ಮ ಪರದೆಯಲ್ಲಿ ಈಗ ಕೊನೆಯ ಸಾಲು ಏನಿದೆ?' ಅವನು ಹೊಸಬರಿಗೆಲ್ಲ ಬರೆಯುತ್ತಿದ್ದದ್ದು ಅದನ್ನೇ. ಅವಳು ಯಾರೆಂದು ಗೊತ್ತಿದ್ದೂ ಒಂದಕ್ಷರ ಬದಲಿಸಿರಲಿಲ್ಲ. 'ನಿಮ್ಮ ತಪ್ಪಲ್ಲ' ಎಂಬಲ್ಲಿಗೆ ಬಂದಾಗ ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ತಪ್ಪು ಯಾರದು ಎಂದು ಅವಳಿಗೆ ಗೊತ್ತಿತ್ತು.

ಕಳೆದುಹೋದ ಫೈಲನ್ನು ಆ ಕೂಟದವರು ಊಹೆಯ ಮೇಲೆ ಅರ್ಧ ಕಟ್ಟಿದ್ದರು. ಆ್ಯಪ್ ತೆರೆಯುತ್ತಿತ್ತು, ಮಾತು ಮಾತ್ರ ನೀರಲ್ಲಿ ಮುಳುಗಿದವರ ಮಾತಿನಂತೆ ಬರುತ್ತಿತ್ತು. ಉಳಿದರ್ಧ ಅಕ್ಕನ ತಲೆಯಲ್ಲಿ ಎಲ್ಲೋ ಇತ್ತು. ಅವರು ಕೇಳುತ್ತ ಹೋದ ಹಾಗೆ ನೆನಪಿಗೆ ಬಂತು. ಇವಳೊಬ್ಬಳಿಂದ ಆಗುತ್ತಿರಲಿಲ್ಲ, ಅವರಿಂದಲೂ ಆಗಿರಲಿಲ್ಲ. ಮಂಡಿಯವನ ವಾರ ಮುಗಿಯುವ ಮುನ್ನ ಹೊಸ ಆ್ಯಪ್ ಹೊರಬಿತ್ತು. ತಡವನ್ನು ಬೇಕಾದಷ್ಟು ಕಮ್ಮಿ ಮಾಡಿಕೊಳ್ಳುವ ದಾರಿಯೂ ಅದರಲ್ಲಿತ್ತು. ಆ ಸಾಲುಗಳನ್ನು ಬರೆದವನು ಬದನೆಕಾಯಿ. ಮೊದಲ ಸಲ ತಪ್ಪಾಗಿ ಬರೆದಿದ್ದ. ಯಾಕೆ ತಪ್ಪು ಎಂದು ಅಕ್ಕ ಎಲ್ಲರಿಗೂ ಕಾಣುವ ಜಾಗದಲ್ಲೇ ಬಿಡಿಸಿ ಬರೆದಳು, ಮನೆಯಲ್ಲಿ ಹೇಳಲಿಲ್ಲ. ಅವನೂ ಅಲ್ಲೇ ತಿದ್ದಿ ಕಳಿಸಿದ.

ತಮ್ಮ ಗೇಟಿಗೆ ವಾಪಸಾದ. ಅಕ್ಕ ರೋಬೋವನ್ನು ಕಿತ್ತುಹಾಕಿದಳು, ಸಿದ್ಧ ಉತ್ತರವನ್ನೂ. ಆ್ಯಪ್ ಬಿಡುಗಡೆ ಮಾಡುವ ಅಧಿಕಾರವನ್ನು ಆ್ಯಂಬುಲೆನ್ಸಿನವನಿಗೂ ಕೊಟ್ಟಳು. ಸೂಚನೆಯನ್ನು ಹೊಸದಾಗಿ ಬರೆದು, ಕಂಪ್ಯೂಟರಿನ ಗಂಧಗಾಳಿ ಇಲ್ಲದ ತಮ್ಮನ ಹೆಂಡತಿಯನ್ನು ಕೂರಿಸಿ, ಪಕ್ಕದಲ್ಲಿ ತುಟಿ ಕಚ್ಚಿಕೊಂಡು ನೋಡಿದಳು. "ಇಲ್ಲಿ ಒತ್ತಿ ಅಂದಿದ್ದೀರಿ, ಒತ್ತಿದ್ಮೇಲೆ ಏನು ಕಾಣ್ಬೇಕು ಅಂತ ಹೇಳೇ ಇಲ್ವಲ್ಲ ಅತ್ತಿಗೆ" ಎಂದಳು ಅವಳು. ಅಕ್ಕ ಅದನ್ನೂ ಬರೆದಳು. ಹಿಂದೆ ಅಟ್ಟಿದವರಿಗೆಲ್ಲ ಒಬ್ಬೊಬ್ಬರಿಗೇ ಬರೆದು ಕ್ಷಮೆ ಕೇಳಿದಳು. ಕೆಲವರು ಬಂದರು. ಹೆಚ್ಚಿನವರು ಉತ್ತರ ಕೊಡಲಿಲ್ಲ. ಒಬ್ಬಾಕೆ ಮಾತ್ರ ಬರೆದಳು: 'ನಿಮ್ಮ ಉತ್ತರ ನೋಡಿದ ದಿನ, ಇದು ನನ್ನಂಥವಳಿಗಲ್ಲ ಎಂದು ಕೋಡ್ ಬರೆಯುವುದನ್ನೇ ಬಿಟ್ಟೆ. ಮತ್ತೆ ಶುರುಮಾಡುವ ಆಸೆ ಈಗ ಇಲ್ಲ. ಒಳ್ಳೆಯದಾಗಲಿ.' ಅಕ್ಕ ಅದಕ್ಕೇನು ಬರೆಯಬೇಕೆಂದು ತಿಳಿಯದೆ ಹಾಗೇ ಬಿಟ್ಟಿದ್ದಾಳೆ. ಅದನ್ನು ಮುಚ್ಚಲು ಈಗ ರೋಬೋ ಇಲ್ಲ.

ಅವಳ ಕಥೆ ಅವಳ ಹತ್ತಿರ ಇರಲಿ. ನಿಮ್ಮದು ಹೇಳಿ. ಹತ್ತು ಜನಕ್ಕೆ ತೆರೆದಿಟ್ಟೆ ಎಂದು ನೀವು ಹೆಮ್ಮೆಪಡುವ ಒಂದಲ್ಲ ಒಂದು ಕೆಲಸ ನಿಮ್ಮ ಕೈಯಲ್ಲೂ ಇದೆ: ತಂತ್ರಾಂಶವೋ, ಸಂಘವೋ, ಕಚೇರಿಯ ಕಿಟಕಿಯೋ. ಅದರ ಬಗ್ಗೆ ಏನೂ ತಿಳಿಯದ ಒಬ್ಬರನ್ನು ನಾಳೆ ಕರೆಯಿರಿ. ನೀವು ಬರೆದ ಸೂಚನೆಯನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಬಾಯಿ ತೆರೆಯಬೇಡಿ. ಅವರು ಎಲ್ಲಿ ನಿಲ್ಲುತ್ತಾರೋ ಆ ಸಾಲು ನಿಮ್ಮ ತಪ್ಪು. ಏಳುವ ಮೊದಲು ಅದನ್ನು ತಿದ್ದಿ. ಆಮೇಲೆ, ನೀವು ಉತ್ತರ ಕೊಡದೆ ಬಿಟ್ಟ ಪ್ರಶ್ನೆಗಳಲ್ಲಿ ತೀರ ಹಳೆಯದನ್ನು ಹುಡುಕಿ ತೆಗೆದು, ಕೇಳಿದವರಿಗೆ ಅಂದೇ ಉತ್ತರ ಬರೆಯಿರಿ.